ಹೊಳೆವ್ವನ ಕೈಗುಣ

ನಲ್ಲಿ ತಿರುವಿದರೆ ನೀರು ಬರುತ್ತದೆ ಎಂದು ನಂಬಿ ಬದುಕುವವರೇ ನಮ್ಮಲ್ಲಿ ಬಹಳ. ನಲ್ಲಿಯ ಹಿಂದೆ ಪೈಪು, ಪೈಪಿನ ಹಿಂದೆ ಟಾಕಿ, ಟಾಕಿಯ ಹಿಂದೆ ಪಂಪು, ಪಂಪಿನ ಹಿಂದೆ ಕೃಷ್ಣಾ ಹೊಳೆ. ಇಷ್ಟಾದರೂ ಒಂದಿಷ್ಟು ಮಂದಿಗೆ ಗೊತ್ತು. ಆದರೆ ಇದೆಲ್ಲದರ ನಡುವೆ ಬೀಳಗಿಯ ಒಂದು ಸಣ್ಣ ಖೋಲಿಯಲ್ಲಿ ಹೊಳೆವ್ವ ಅನ್ನುವ ಹೆಣ್ಣುಮಗಳು ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಬರುವುದು ನೀರು ನಿಂತ ದಿನ. ಆ ದಿನ ಅವಳ ಹೆಸರು ಎಲ್ಲರ ಬಾಯಲ್ಲಿ, ಅದೂ ಮಕ್ಕಳ ಮುಂದೆ ಆಡಬಾರದ ಮಾತುಗಳ ಜೊತೆಗೆ.

ಹೊಳೆವ್ವ ಕುರುಬರ ಮನೆಯವಳು. ಅನಗವಾಡಿಯ ಹತ್ತಿರ ಹೊಳೆದಂಡೆಯಲ್ಲಿದ್ದ ಅವರ ಮನೆ, ಹೊಲ, ಕುರಿದೊಡ್ಡಿ ಎಲ್ಲವೂ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದವು. ಮುಳುಗಡೆಯವರ ಮಕ್ಕಳಿಗೆ ಸರಕಾರಿ ನೌಕರಿಯಲ್ಲಿ ಒಂದು ಪಾಲು ಇತ್ತು. ಟೈಪಿಂಗ್ ಕಲಿತಿದ್ದ ಹೊಳೆವ್ವನಿಗೆ ಆ ಪಾಲಿನಲ್ಲಿ ನೀರಿನ ಆಫೀಸಿನ ಕೆಲಸ ಸಿಕ್ಕಿತು. "ನಮ್ಮನಿ ನುಂಗಿದ ನೀರನ್ನ ನಾನ ಊರಿಗೆಲ್ಲಾ ಕುಡಸಾಕತ್ತೇನಿ ನೋಡ್ರಿ" ಎಂದು ಅವಳು ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಸಿಟ್ಟು ಇರುತ್ತಿರಲಿಲ್ಲ. ಸಿಟ್ಟು ಮಾಡಿಕೊಂಡು ಯಾರ ಮೇಲೆ ತೀರಿಸಿಕೊಳ್ಳುವುದು, ಹೊಳೆಯ ಮೇಲೆಯೇ?

ಆಫೀಸಿಗೆ ಮೊದಲ ಕಂಪ್ಯೂಟರು ಬಂದಾಗ ಗಂಡಸರೆಲ್ಲ ಅದರ ಮುಂದೆ ನಿಂತು ಮೀಸೆ ತಿರುವಿದರೇ ಹೊರತು ಮುಟ್ಟಲಿಲ್ಲ. "ಟೈಪ್ ಬರೂದು ನಿನಗ, ನೀನ ಕುಂದ್ರಬೇ" ಎಂದು ಇವಳನ್ನು ಕೂಡಿಸಿದರು. ಕೂತವಳು ಏಳಲೇ ಇಲ್ಲ. ಪಂಪು, ವಾಲ್ವುಗಳನ್ನು ಖೋಲಿಯಿಂದಲೇ ಚಾಲೂ ಬಂದ್ ಮಾಡುವ ಯಂತ್ರ ಬಂತು, ಅದನ್ನೂ ಕಲಿತಳು. ಅದನ್ನು ಕೂಡಿಸಲು ಬಂದಿದ್ದ ಹುಡುಗರನ್ನು ರೊಟ್ಟಿ, ಶೇಂಗಾ ಚಟ್ನಿಯ ಆಸೆ ತೋರಿಸಿ ತಡೆದು ನಿಲ್ಲಿಸಿಕೊಂಡು, ಅವರ ತಲೆಯಲ್ಲಿದ್ದುದನ್ನೆಲ್ಲ ಹಿಂಡಿ ತೆಗೆದಳು.

ಪಂಪು ಕಂಪ್ಯೂಟರಿನ ಮಾತು ಕೇಳತೊಡಗಿದ ಮೇಲೆ ಒಂದು ಹೆದರಿಕೆ ಹುಟ್ಟಿತು. ಹೊರಗಿನ ಯಾರೋ ಪುಣ್ಯಾತ್ಮ ಎಲ್ಲಿಯೋ ಕೂತು ನಮ್ಮ ಪಂಪಿಗೆ ಮಾತು ಹೇಳಿದರೆ? ಅದಕ್ಕೆಂದು ಫೈರ್‌ವಾಲ್. ಹೆಸರು ಕೇಳಿ ಹೆದರಬೇಡಿ, ಅದು ಬಾಗಿಲು ಕಾಯುವ ಕೆಲಸ, ಅಷ್ಟೇ. ಮೊದಲು ಎಲ್ಲ ಬಾಗಿಲು ಹಾಕುವುದು, ಆಮೇಲೆ ಗುರುತಿನವರಿಗೆ ಮಾತ್ರ ತೆರೆಯುವುದು: ಹೊಳೆಯ ಪಂಪ್‌ಹೌಸಿಗೆ ಒಂದು, ಗುಡ್ಡದ ಟಾಕಿಗೆ ಒಂದು, ಹಾದಿಯ ವಾಲ್ವುಗಳಿಗೆ ಒಂದೊಂದು. ಹೀಗೆ ಹಾಕು, ಹೀಗೆ ತೆಗೆ ಎಂದು ಸಾಲಾಗಿ ಬರೆದಿಟ್ಟ ಆಜ್ಞೆಗಳಿಗೆ ಸ್ಕ್ರಿಪ್ಟ್ ಅನ್ನುತ್ತಾರೆ. ಆ ಸ್ಕ್ರಿಪ್ಟನ್ನು ಹೊಳೆವ್ವ ತನ್ನ ಕೈಯಾರೆ ಬರೆದಿದ್ದಳು. ಅದರ ಮೇಲೆ ಅವಳಿಗೆ ಹೆತ್ತ ಮಗಳಷ್ಟೇ ಮಮತೆ.

ಈಗ ಅವಳಿಗೆ ಅರವತ್ತು ತುಂಬಿ, ಅಕ್ಟೋಬರ್ ಕೊನೆಗೆ ನಿವೃತ್ತಿ. ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು. ಅಣ್ಣ ಜಕ್ಕಪ್ಪನ ಕುರಿಗಳು ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ ಊರು ಬಿಟ್ಟು ಹೊರಡುತ್ತವೆ, ಹೊಲದಿಂದ ಹೊಲಕ್ಕೆ ತಂಗುತ್ತ ಬೇಸಿಗೆಯವರೆಗೆ ತಿರುಗುತ್ತವೆ. ಸಣ್ಣಾಕಿ ಇದ್ದಾಗ ಅಪ್ಪನ ಜೊತೆ ಹಾಗೆ ತಿರುಗಿದ್ದಳು. ಸಾಯುವುದರೊಳಗೆ ಇನ್ನೊಂದು ಸಲ ಆ ಹಿಂಡಿನ ಹಿಂದೆ ನಡೆಯಬೇಕು. ಈ ವರ್ಷವೇ ನಡೆಯಬೇಕು, ಯಾಕೆಂದರೆ ಅವಳ ಮೊಣಕಾಲುಗಳು ಮುಂದಿನ ವರ್ಷಕ್ಕೆ ಮಾತು ಕೊಟ್ಟಿರಲಿಲ್ಲ.

ಅವಳ ಜಾಗಕ್ಕೆ ಬಂದವಳು ಅಕ್ಷತಾ, ಬನಹಟ್ಟಿಯ ನೇಕಾರರ ಮನೆಯ ಎಂಜಿನಿಯರ್ ಹುಡುಗಿ. ಚುರುಕಾದವಳು, ಮಾತು ಕಡಿಮೆ. ಆಫೀಸಿನ ಸಾಹೇಬರಾದ ದಶರಥ ಅವರಿಗೆ ಮಾತ್ರ ಅವಳ ಮೇಲೆ ಇನ್ನೂ ಭರವಸೆ ಕೂತಿರಲಿಲ್ಲ. "ಹುಡುಗಿ ಶ್ಯಾಣ್ಯಾ ಅದಾಳ ಖರೆ, ಆದ್ರ ನೀರಿನ ಕೆಲಸ ರೀ ಇದು" ಎಂದು ಅವರು ರಾಗ ಎಳೆಯುತ್ತಿದ್ದರು. ಹೊಳೆವ್ವ ಹೇಳುತ್ತಿದ್ದಳು: "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ ಸಾಹೇಬರ? ಕಲೀತಾಳ ಬಿಡ್ರಿ."

ಆ ಆಫೀಸಿನಲ್ಲಿ ಒಂದು ಪದ್ಧತಿ. ವರ್ಷವಿಡೀ ನಿಲ್ಲದ ಯಂತ್ರಗಳು ಮಹಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಮಾತ್ರ ನಿಲ್ಲುತ್ತವೆ. ಹಿಂದಿನ ದಿನವೇ ಟಾಕಿಗಳನ್ನು ಕಂಠಮಟ್ಟ ತುಂಬಿಸಿ, ಪಂಪಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲವನ್ನೂ ಬಂದ್ ಮಾಡಿ, ತೊಳೆಯುವುದನ್ನು ತೊಳೆದು, ಒರೆಸುವುದನ್ನು ಒರೆಸಿ, ವಿಭೂತಿ, ಕುಂಕುಮ, ಚೆಂಡುಹೂವು ಏರಿಸುತ್ತಾರೆ. ಕಂಪ್ಯೂಟರಿಗೆ ವಿಶ್ರಾಂತಿ ಯಾಕೆ ಬೇಕು ಎಂದು ಕೇಳುವಂತಿಲ್ಲ. ಎತ್ತಿಗೆ ಉಂಟು, ನೇಗಿಲಿಗೆ ಉಂಟು, ಇದಕ್ಕೇಕೆ ಇರಬಾರದು? ಮರುದಿನ ಬನ್ನಿ ಮುಡಿಯುವ ಹೊತ್ತಿಗೆ ಹೊಳೆವ್ವ ಬಂದು, ತನ್ನ ಹೆಸರು ಪಾಸ್‌ವರ್ಡ್ ಹಾಕಿ, ಸ್ಕ್ರಿಪ್ಟನ್ನು ಓಡಿಸಿ ಎಲ್ಲವನ್ನೂ ಮತ್ತೆ ಚಾಲೂ ಮಾಡುತ್ತಿದ್ದಳು. ಆ ಕಾರಣಕ್ಕೆ ತವರಿನಲ್ಲಿ ಬನ್ನಿ ಕೊಡುವ ದಿನ ಅವಳು ಇದ್ದದ್ದೇ ಇಲ್ಲ.

ಈ ವರ್ಷ ಅಕ್ಷತಾ ತಾನೇ ಮುಂದೆ ಬಂದಳು. "ಅಕ್ಕಾರ, ನೀವು ನಿಮ್ಮ ಅಣ್ಣಾರ ಮನಿಗೆ ಹೋಗ್ರಿ. ಯಂತ್ರ ಶುರು ಆದ ಕೂಡ್ಲೇ ಸ್ಕ್ರಿಪ್ಟ್ ತಾನ ಓಡೂವಂಗ ಮಾಡೇನಿ. ನಾ ಬರೇ ಬಟನ್ ಒತ್ತೂದು." ಹೊಳೆವ್ವ ಹೊಸ ಇಳಕಲ್ಲ ಸೀರೆ ಉಟ್ಟು, ಮುಳುಗಡೆಯ ನಂತರ ಅಣ್ಣ ನೆಲೆಸಿದ್ದ ಅನಗವಾಡಿಗೆ ಹೋದಳು.

ಜಕ್ಕಪ್ಪನ ಕೈಯಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುವುದರೊಳಗೆ ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ಹೊಳೆಯ ಪಂಪ್‌ಹೌಸಿನಲ್ಲಿ ಇರುವ ಸಿದರಾಯ ಹಣೆಯ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

"ಅಕ್ಕಾರ, ಎಲ್ಲಾ ಬಂದ್ ಐತ್ರಿ. ಕರೆಂಟ್ ಐತಿ, ಹೊಳ್ಯಾಗ ನೀರ ಐತಿ, ಮೋಟಾರ ಮಾತ್ರ ಏಳವಲ್ದು. ಕಂಪ್ಯೂಟರಿಂದ ಹುಕುಂ ಬರವಲ್ದರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು. ಹಬ್ಬಕ್ಕೆ ಬಂದ ಬೀಗರು ಮಿಂದು ಎರಕೊಂಡು ಟಾಕಿಯ ತಳ ಕಾಣಿಸಿದ್ದರು. ಹೊಳೆವ್ವ ಸೀರೆಯ ಸೆರಗು ಸಿಗಿಸಿಕೊಂಡು ಸಿದರಾಯನ ಬೈಕಿನ ಹಿಂದೆ ಕೂತಳು. ಜಕ್ಕಪ್ಪ ಹಿಂದಿನಿಂದ "ಹೋಳಿಗಿ ತಣ್ಣಗಾಗ್ತೈತೆವಾ" ಎಂದು ಕೂಗಿದ್ದು ಗಾಳಿಯಲ್ಲಿ ಹೋಯಿತು.

ಖೋಲಿಯಲ್ಲಿ ಅಕ್ಷತಾಳ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ದಶರಥ ಸಾಹೇಬರು ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿದ್ದರು.

"ಯಂತ್ರ ಶುರು ಆತ್ರಿ ಅಕ್ಕಾರ, ಬಾಗ್ಲಾ ಎಲ್ಲಾ ಹಾಕಿಕೊಂಡೈತಿ, ಒಂದೂ ತಗೀಲಿಲ್ಲ. ಆಮ್ಯಾಲೆ ನಾ ನನ್ನ ಲಾಗಿನ್‌ನಿಂದ ಮತ್ತ ಓಡಿಸಿದೆ. ಹಂಗ ಆತು."

"ಫೈರ್‌ವಾಲ್ ಪೂರಾ ತಗದ ಒಗದ್ರ ನೀರ ಬರ್ತೈತಿ ಅಂತ ನಾ ಹೇಳಿದೆ. ಈಕಿ ಒಪ್ಪವಲ್ಲಳು" ಎಂದರು ಸಾಹೇಬರು.

"ಚಲೋ ಮಾಡಿದಿ" ಎಂದಳು ಹೊಳೆವ್ವ, ಅಕ್ಷತಾಳ ಕಡೆ ನೋಡಿ. "ಬಾಗ್ಲಾ ಬಿಚ್ಚಿ ಇಟ್ಟ ಪಂಪಿಗೆ ನಾಳೆ ಯಾವ ಊರಾಂವ ಒಡೆಯ ಆಗ್ತಾನೋ." ಕುರ್ಚಿಯಲ್ಲಿ ಕೂತು ತನ್ನ ಹೆಸರು ಹಾಕಿದಳು, ಪಾಸ್‌ವರ್ಡ್ ಹಾಕಿದಳು, ಅದೇ ಸ್ಕ್ರಿಪ್ಟನ್ನು ಓಡಿಸಿದಳು. ಒಂದಕ್ಷರ ತಿದ್ದಲಿಲ್ಲ. ಪರದೆಯ ಮೇಲಿನ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಸಿದರಾಯನ ಫೋನಿಗೆ ಪಂಪ್‌ಹೌಸಿನಿಂದ ಮೋಟಾರು ಎದ್ದ ಸುದ್ದಿ ಬಂತು.

ಸಾಹೇಬರು ಹಣೆಗೆ ಕೈ ಮುಟ್ಟಿಸಿಕೊಂಡರು. "ಇದಕ್ಕ ಕೈಗುಣ ಅಂತಾರ ನೋಡ್ರಿ. ಅದ ಯಂತ್ರ, ಅದ ಸ್ಕ್ರಿಪ್ಟು, ನೀವು ಮುಟ್ಟಿದ್ರ ಬಂಗಾರ. ನಾ ಮ್ಯಾಲಿನವರಿಗೆ ಇವತ್ತ ಬರೀತೇನಿ. ಇನ್ನೊಂದ ವರ್ಷ ಕಾಂಟ್ರ್ಯಾಕ್ಟ್ ಮ್ಯಾಲೆ ನೀವು ಇಲ್ಲೇ ಇರಬೇಕು. ನಿಮ್ಮನ್ನ ಬಿಟ್ರ ಈ ಊರಿಗೆ ನೀರ ಇಲ್ಲ."

ಸುಳ್ಳೇಕೆ ಹೇಳಬೇಕು, ಹೊಳೆವ್ವನಿಗೆ ಆ ಮಾತು ಹೋಳಿಗೆಗಿಂತ ಸಿಹಿಯಾಯಿತು. ಇಷ್ಟು ವರ್ಷ ದುಡಿದದ್ದಕ್ಕೆ ಒಬ್ಬರೂ ಹೀಗೆ ಅಂದಿರಲಿಲ್ಲ. ಬೇಡ ಅನ್ನಬೇಕೆಂದು ಬಾಯಿ ತೆರೆದಳು, ಮಾತು ಬರಲಿಲ್ಲ. ಸಾಹೇಬರು ಅದನ್ನೇ ಒಪ್ಪಿಗೆ ಎಂದು ತಿಳಿದು ಸಂತೋಷದಿಂದ ಹೋದರು.

ಬಾಗಿಲ ಹತ್ತಿರ ಅಕ್ಷತಾ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. "ನಿಮ್ಮಂಥಾ ಕೈಗುಣ ನನಗ ಇಲ್ರಿ ಅಕ್ಕಾರ" ಎಂದಳು.

"ಹುಚ್ಚಿ. ಕೈಗುಣ ರೊಟ್ಟ್ಯಾಗ ಇರ್ತೈತಿ, ಕಂಪ್ಯೂಟರಿನ್ಯಾಗ ಇರಂಗಿಲ್ಲ" ಎಂದಳು ಹೊಳೆವ್ವ. ಅಂದಮೇಲೆ ಆ ಮಾತು ಅವಳಿಗೇ ಚುಚ್ಚಿತು. ಯಂತ್ರ ಮುಖ ನೋಡಿ ಮಣೆ ಹಾಕುವುದಿಲ್ಲ. ತನ್ನ ಕೈಯಲ್ಲಿ ನಡೆದದ್ದು ಆ ಹುಡುಗಿಯ ಕೈಯಲ್ಲಿ ನಡೆಯಲಿಲ್ಲ ಅಂದರೆ ನಡುವೆ ಏನೋ ಇದೆ. ಅದು ಏನೆಂದು ಹುಡುಕದೆ ಕೈಗುಣ ಎಂದು ಹಾರ ಹಾಕಿಸಿಕೊಂಡರೆ ಅಪ್ಪನಾಣೆಗೂ ಕಳ್ಳತನವಾಗುತ್ತದೆ.

ಮರುದಿನ ಮುಂಜಾನೆ ಇಬ್ಬರೂ ಕೂತರು. ಅಕ್ಷತಾ ಹೇಳಿದಳು, "ನಮ್ಮ ಮಗ್ಗದಾಗ ಎಳಿ ಹರದ್ರ ಮಗ್ಗ ನಿಂದ್ರಿಸಿ ನೋಡ್ತೇವ್ರಿ. ಓಡೂ ಮಗ್ಗದಾಗ ಕಾಣಂಗಿಲ್ಲ. ಇದನ್ನೂ ಹಂಗ ನೋಡೋಣ. ಏನೂ ಮಾಡಬ್ಯಾಡ, ಒಂದೊಂದ ಸಾಲು ಏನ ಮಾಡಾಂವ ಇದ್ದಿ ಅಷ್ಟ ಹೇಳು ಅಂತ ಕೇಳೋಣ." ತನ್ನ ಲಾಗಿನ್‌ನಲ್ಲಿ ಹಾಗೆ ಕೇಳಿದಳು. ಸಾಲುಗಳು ಪರದೆಯ ಮೇಲೆ ಬಂದವು. ಹುಡುಗಿ ಬೆರಳಿಟ್ಟು ಓದುತ್ತ ಹೋಗಿ ಒಂದು ಕಡೆ ನಿಂತಳು.

"ಇಲ್ಲಿ ನೋಡ್ರಿ. ಎಲ್ಲಾ ಬಾಗ್ಲಾ ಹಾಕು ಅನ್ನೂ ತನಕ ಬರೊಬ್ಬರಿ ಐತಿ. ಆಮ್ಯಾಲೆ 'ಹೊಳಿ ಕಡಿಂದ ಬಂದವರನ್ನ ಬಿಡು' ಅನ್ನೂದರಾಗ ಹೊಳಿ ಜಾಗಾ ಖಾಲಿ. ಯಾರನ್ನ ಬಿಡಬೇಕು ಅಂತ ತಿಳೀದ ಅಲ್ಲೇ ನಿಂತೈತಿ. ಈಗ ನಿಮ್ಮ ಲಾಗಿನ್‌ನಾಗ ಕೇಳ್ರಿ."

ಹೊಳೆವ್ವ ಕೇಳಿದಳು. ಅವಳ ಪರದೆಯಲ್ಲಿ ಅದೇ ಸಾಲಿನಲ್ಲಿ ಪಂಪ್‌ಹೌಸಿನ ನಂಬರು, ಅಂದರೆ ಯಂತ್ರಕ್ಕೆ ತಿಳಿಯುವ ಅದರ ವಿಳಾಸ, ತುಂಬಿಕೊಂಡು ಬಂತು.

"ಹೊಳಿ ಅಂದ್ರ ಯಾವ ನಂಬರು, ಗುಡ್ಡ ಅಂದ್ರ ಯಾವ ನಂಬರು ಅಂತ ಎಲ್ಲಿ ಬರದ ಇಟ್ಟೀರಿ ಅಕ್ಕಾರ? ಸ್ಕ್ರಿಪ್ಟಿನ್ಯಾಗ ಇಲ್ಲ."

ಹೊಳೆವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬರೆದದ್ದು ಅವಳಿಗೆ ನೆನಪಿತ್ತು. ಯಂತ್ರದಲ್ಲಿ ಒಬ್ಬೊಬ್ಬರ ಲಾಗಿನ್ನಿಗೂ ತನ್ನದೇ ಒಂದು ಒಳಮನೆ ಇರುತ್ತದೆ, ಅಲ್ಲಿ ಇಟ್ಟ ಹೆಸರುಗಳು ಅವರಿಗೆ ಮಾತ್ರ ತಿಳಿಯುತ್ತವೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಅಕ್ಷತಾ ಅದರ ಹೆಸರು ಹೇಳಿದಳು. ಹೊಳೆವ್ವ ನಂಬರುಗಳನ್ನೆಲ್ಲ ಅಲ್ಲಿ ಇಟ್ಟಿದ್ದಳು. ಯಾಕೆ ಎಂದರೆ ಅಪ್ಪನ ಪಾಠ. ಕುರುಬ ಹೊರಗಿನವರ ಮುಂದೆ ಕುರಿಯ ಲೆಕ್ಕ ಆಡುವುದಿಲ್ಲ. ಎಷ್ಟು ಕುರಿ ಎಂದು ಯಾರಾದರೂ ಕೇಳಿದರೆ 'ಹೊಳೀ ಕಡಿ ಒಂದ ಹಿಂಡ ಐತ್ರಿ, ಗುಡ್ಡದ ಕಡಿ ಒಂದ ಹಿಂಡ' ಅನ್ನಬೇಕು, ಅಷ್ಟೇ. ಲೆಕ್ಕ ಮನೆಯೊಳಗೆ, ಹೆಸರು ಹೊರಗೆ. ನೋಡಿದವರ ದೃಷ್ಟಿ ತಾಗಬಾರದು. ನಾಲ್ಕು ಮಂದಿ ಓದುವ ಸ್ಕ್ರಿಪ್ಟಿನಲ್ಲಿ ನಂಬರು ಬರೆಯಲು ಅವಳಿಗೆ ಕೈ ಬಂದಿರಲಿಲ್ಲ. ಹೊರಗೆ ಹೆಸರು ಬರೆದಳು, ಲೆಕ್ಕವನ್ನು ತನ್ನ ಒಳಮನೆಯಲ್ಲಿ ಮುಚ್ಚಿಟ್ಟಳು. ಅವಳು ಇದ್ದರೆ ಯಂತ್ರಕ್ಕೆ ಎಲ್ಲ ತಿಳಿಯುತ್ತಿತ್ತು, ಅವಳಿಲ್ಲದಿದ್ದರೆ ಏನೂ ತಿಳಿಯುತ್ತಿರಲಿಲ್ಲ.

"ಅಂದ್ರ ಕೈಗುಣ ಅಲ್ಲ ಇದು. ಕೀಲಿಕೈ ನಾ ಸೊಂಟಕ್ಕ ಸಿಗಿಸಿಕೊಂಡ ಅಡ್ಡಾಡಾಕತ್ತಿದ್ದೆ" ಎಂದಳು ಹೊಳೆವ್ವ. ನಿನ್ನೆಯ ಸಿಹಿ ಪೂರ್ತಿ ಇಳಿದುಹೋಯಿತು. ನಾಚಿಕೆಯಾಯಿತು, ಅದರ ಹಿಂದೆಯೇ ಹಗುರವೂ ಆಯಿತು. ಅಕ್ಷತಾಳ ಮುಖಕ್ಕೆ ಬಣ್ಣ ಮರಳಿತ್ತು.

ರಿಪೇರಿ ಮಾಡುವುದು ದೊಡ್ಡ ಕೆಲಸವೇನೂ ಆಗಲಿಲ್ಲ. ನಂಬರುಗಳನ್ನು ಹೊಳೆವ್ವನ ಒಳಮನೆಯಿಂದ ತೆಗೆದು ಯಂತ್ರದ ಎಲ್ಲರಿಗೂ ಸೇರಿದ ಜಾಗದಲ್ಲಿ ಇಟ್ಟರು, ಸ್ಕ್ರಿಪ್ಟು ಶುರುವಾದ ಕೂಡಲೇ ಅಲ್ಲಿಗೆ ಹೋಗಿ ಓದಿಕೊಳ್ಳುವಂತೆ ಬರೆದರು. ಅಕ್ಷತಾ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಯಾವುದಾದರೂ ಹೆಸರು ಖಾಲಿ ಕಂಡರೆ, ಬಾಗಿಲು ಹಾಕುವ ಮೊದಲೇ ನಿಂತು, 'ಇಂಥದ್ದು ನನಗೆ ತಿಳಿದಿಲ್ಲ' ಎಂದು ಬಾಯಿಬಿಟ್ಟು ಹೇಳುವಂತೆ ಮಾಡಿದಳು. "ಮನಶ್ಯಾರಿಗೂ ಇಂಥಾ ಬುದ್ಧಿ ಇದ್ದಿದ್ರ" ಎಂದು ಹೊಳೆವ್ವ ನಿಟ್ಟುಸಿರುಬಿಟ್ಟಳು.

ಅಕ್ಷತಾ ತನ್ನ ಲಾಗಿನ್‌ನಿಂದ ಓಡಿಸಿದಳು. ಹೊಳೆ ತೆರೆಯಿತು, ಗುಡ್ಡ ತೆರೆಯಿತು. ಬಾಡಗಂಡಿ ಕಡೆಯ ವಾಲ್ವು ಮಾತ್ರ ಕೆಂಪಾಗಿಯೇ ಉಳಿಯಿತು. ಹುಡುಕಿದರೆ ಆ ವಾಲ್ವಿನ ಒಂದು ತುಂಡು ಕೆಲಸ ಇನ್ನೂ ಹೊಳೆವ್ವನ ಲಾಗಿನ್ನಿಗೇ ಜೋತುಬಿದ್ದಿತ್ತು. ಅದನ್ನೂ ಬಿಡಿಸಿದರು. ಈಗ ಎಲ್ಲ ಹಸಿರು.

ಅಕ್ಷತಾ ಕೈ ತಟ್ಟಿದಳು. ಹೊಳೆವ್ವ ತಟ್ಟಲಿಲ್ಲ.

"ಇನ್ನೂ ಎಲ್ಲೆಲ್ಲಿ ಸಿಗಿಬಿದ್ದೇನೋ ನನಗ ನೆನಪಿಲ್ಲ. ಹಳೇ ಗಿಡಾ ಕಡದ ಮ್ಯಾಲೆ ತಿಳೀತೈತಿ ಯಾವ ಯಾವ ಬಳ್ಳಿ ಅದನ್ನ ಹಿಡಕೊಂಡ ನಿಂತಿತ್ತಂತ. ನನ್ನ ಲಾಗಿನ್ ತಗದ ಒಗಿ. ಆಮ್ಯಾಲೆ ಯಂತ್ರ ಬಂದ್ ಮಾಡಿ, ನೀನ ಚಾಲೂ ಮಾಡು. ನಾ ಹೊರಗ ಕುಂದ್ರತೇನಿ."

"ನಿಮ್ಮ ಹೆಸರ ನಾ ತಗೀಲಾ?" ಹುಡುಗಿ ಹಿಂದೆ ಸರಿದಳು. "ನನಗ ಕೈ ಬರವಲ್ದರಿ ಅಕ್ಕಾರ. ತಿಂಗಳ ಕೊನೀಗೆ ಹೆಂಗೂ ತಗೀತಾರ, ಅಲ್ಲೀ ಮಟ ಇರ್ಲಿ."

"ಆವಾಗ ನಾ ಇರಂಗಿಲ್ಲ. ಕೆಟ್ರ ಇವತ್ತ ಕೆಡ್ಲಿ."

ಸುದ್ದಿ ತಿಳಿದು ದಶರಥ ಸಾಹೇಬರು ಓಡಿಬಂದರು. "ಹೊಳೆವ್ವಾರ, ನಿಮಗೇನ ತಲಿ ಕೆಟ್ಟೈತೇನ್ರಿ? ಮತ್ತ ನೀರ ನಿಂತ್ರ ಹೆಣ್ಮಕ್ಕಳು ಕೊಡಾ ತಗೊಂಡ ಆಫೀಸಿಗೇ ಬರ್ತಾರ. ನಿಮ್ಮ ಕಾಂಟ್ರ್ಯಾಕ್ಟಿನ ಮಾತು ನಾ ಆಗ್ಲೇ ಆಡಿ ಆಗೈತಿ."

"ಬರ್ಲಿ ಬಿಡ್ರಿ ಸಾಹೇಬರ. ಅವರ ಮುಂದ ನಾ ನಿಂದರ್ತೇನಿ, ಬೈಸಿಕೊಂಡ ರೂಢಿ ಐತಿ ನನಗ. ನಾ ಕುರಿ ಹಿಂದ ಎಲ್ಲೋ ಗುಡ್ಡದಾಗ ಇದ್ದಾಗ ನಿಂತ್ರ ಏನ ಮಾಡ್ತೀರಿ? ಇನ್ನೊಂದ ವರ್ಷ ನನ್ನ ಇಟಗೊಂಡ್ರೂ ಆ ದಿನಾ ಬರೂದ. ಇವತ್ತ ತಿಳದ್ರ ಈ ಹುಡುಗಿಗೆ ಕಲಿಯಾಕ ನಾ ಇನ್ನೂ ಇಲ್ಲೇ ಅದೇನಿ." ಅವಳು ಮೊಣಕಾಲು ಮುಟ್ಟಿ ತೋರಿಸಿದಳು. "ನನ್ನ ಕಾಲಾಗ ಇದೊಂದ ವರ್ಷದ ಶಕ್ತಿ ಐತ್ರಿ. ಅದನ್ನ ಕುರ್ಚ್ಯಾಗ ಕುಂತ ಕಳೀಲಾರೆ."

ಸಾಹೇಬರು ಒಳ್ಳೆಯವರು, ಹೆದರಿಕೆ ಜಾಸ್ತಿ, ಅಷ್ಟೇ. ಟಾಕಿಗಳು ತುಂಬಿವೆಯೇ ಎಂದು ಕೇಳಿದರು. ತುಂಬಿದ್ದವು. "ಆತು, ನೋಡೂಣು. ನಿಂತ್ರ ಮಾತ್ರ ನೀವು ವರ್ಷ ಇಲ್ಲೇ" ಎಂದು ಪೈಜು ಕಟ್ಟಿದಂತೆ ಹೇಳಿದರು. ಹೊಳೆವ್ವ ತಲೆ ಆಡಿಸಿದಳು. ಮಾತು ಮಾತೇ.

ಅವಳು ಹೊರಗೆ ಬೇವಿನ ಗಿಡದ ಕೆಳಗಿನ ಕಟ್ಟೆಗೆ ಬಂದು ಕೂತಳು. ಒಳಗೆ ಅಕ್ಷತಾ ಹೊಳೆವ್ವನ ಲಾಗಿನ್ ಅಳಿಸಿಹಾಕಿದಳು, ಯಂತ್ರ ಬಂದ್ ಮಾಡಿದಳು. ಗುಂಯ್ ಅನ್ನುತ್ತಿದ್ದ ಫ್ಯಾನಿನ ಸದ್ದು ನಿಂತದ್ದು ಹೊರಗೂ ತಿಳಿಯಿತು. ಹೊಳೆವ್ವ ಕಣ್ಣು ಮುಚ್ಚಿ ಮನೆದೇವರು ಬೀರಪ್ಪನನ್ನು ನೆನೆದಳು. ನೀರು ಬರಲಿ ಎಂದು ಬೇಡಿಕೊಂಡಳು. ಎದೆಯ ಒಂದು ಮೂಲೆಯಲ್ಲಿ ಬೇರೊಂದು ದನಿ, 'ನಿಲ್ಲಲಿ, ಮತ್ತೆ ನಿನ್ನನ್ನೇ ಕರೆಯಲಿ' ಎಂದು ಸಣ್ಣಗೆ ಅಂದಿತು. ಅವಳು ಅದಕ್ಕೆ ಮನಸ್ಸಿನಲ್ಲೇ ಬೈದಳು, ಬಾಯಿ ಮುಚ್ಚಿಸಿದಳು.

ಫ್ಯಾನು ಮತ್ತೆ ಗುಂಯ್ ಅಂದಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅಂಗಳದಲ್ಲಿ ಒಂದು ಕಾಗೆ ಕೂತು, ಹಾರಿ, ಮತ್ತೆ ಬಂದು ಕೂತಿತು. ಎದ್ದು ಹೋಗಿ ನೋಡಬೇಕೆಂದು ಕಾಲುಗಳು ಚಡಪಡಿಸಿದವು. ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

ಒಳಗೆ ಫೋನು ರಿಂಗಾಯಿತು, ಅಕ್ಷತಾಳ ಫೋನು. ತೆರೆದ ಕಿಟಕಿಯಿಂದ ಸಿದರಾಯನ ದೊಡ್ಡ ಗಂಟಲು ಹೊರಗೂ ಕೇಳಿಸಿತು: "ಅಕ್ಷತಾಕ್ಕಾರ, ಮೋಟಾರ ಎದ್ದಾವ್ರಿ, ಎಲ್ಲಾ ಎದ್ದಾವು." ಯಾರೂ ಲಾಗಿನ್ ಆಗಿರಲಿಲ್ಲ, ಯಾರೂ ಏನನ್ನೂ ಓಡಿಸಿರಲಿಲ್ಲ. ಯಂತ್ರ ತಾನೇ ಎದ್ದು, ತಾನೇ ಬಾಗಿಲು ಹಾಕಿ, ಯಾರಿಗೆ ತೆರೆಯಬೇಕೋ ಅವರಿಗೆ ತೆರೆದಿತ್ತು. ಬಾಡಗಂಡಿಯ ವಾಲ್ವು ಕೂಡ ತೆರೆದಿತ್ತು.

ಸಾಹೇಬರು ಹೊರಗೆ ಬಂದು ಹೊಳೆವ್ವನ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿದರು. "ಹೋಗಿ ಬರ್ರಿ ಹಂಗಾರ ಹೊಳೆವ್ವಾರ. ನಾ ಮ್ಯಾಲಿನವರಿಗೆ ಬ್ಯಾಡಂತ ಹೇಳ್ತೇನಿ." ಆಮೇಲೆ "ಹುಡುಗಿಗೆ ನಾ ಚಾ ಕುಡಸಬೇಕು ಇವತ್ತ" ಎಂದು ಅಕ್ಷತಾಳನ್ನು ಕರೆದುಕೊಂಡು ತಮ್ಮ ಖೋಲಿಗೆ ಹೋದರು.

ಹೊಳೆವ್ವ ಒಳಗೆ ಬಂದಳು. ಹಸಿರು ಚುಕ್ಕೆಗಳನ್ನು ಕಣ್ಣಾರೆ ನೋಡಬೇಕಿತ್ತು. ಕುರ್ಚಿ ಖಾಲಿ ಇತ್ತು. ಕೂತಳು. ಪರದೆ ಹೆಸರು ಕೇಳುತ್ತಿತ್ತು, ಬೆರಳುಗಳು ತಾವಾಗಿಯೇ ಹೆಸರು ಹಾಕಿದವು, ಪಾಸ್‌ವರ್ಡ್ ಹಾಕಿದವು. ಲಾಗಿನ್ ತಪ್ಪು ಎಂದಿತು ಯಂತ್ರ. ಎಲ್ಲೋ ಕೈ ತಪ್ಪಿತೇನೋ ಎಂದುಕೊಂಡು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಮತ್ತೆ ಹಾಕಿದಳು. ಅದೇ ಉತ್ತರ ಬಂತು. ಆಗ ತಿಳಿಯಿತು. ನಗು ಬಂತು, ನಗುವಿನ ಜೊತೆಗೆ ಕಣ್ಣೀರೂ ಬಂತು. ತಡೆಯಲು ಹೋಗಲಿಲ್ಲ.

ಚಹಾದ ಕಪ್ಪು ಹಿಡಿದು ಬಂದ ಅಕ್ಷತಾ ಬಾಗಿಲಲ್ಲೇ ನಿಂತಳು. "ಯಾಕ್ರಿ ಅಕ್ಕಾರ? ಏನಾತು?"

"ನನ್ನ ಒಳಗ ಬಿಡವಲ್ದು ಬೇ" ಎಂದಳು ಹೊಳೆವ್ವ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಬರೊಬ್ಬರಿ ಕಾಯಾಕತ್ತೈತಿ."